ಇಂದಿನ ಧಮ್ಮಚಿಂತನೆ: ಮದ್ದಿಲ್ಲದ ಕೋವಿ



ಹೋದ ವಾರ ನನ್ನ ಸ್ಟೇಟಸ್ಸಿನಲ್ಲಿ ಕೋವಿ ಹಿಡಿದ ಫೋಟೋ ನೋಡಿ ಬಾದಾಮಿಯ ಹಿರಿಯ ಉಪಾಸಿಕೆಯೊಬ್ಬರು ಫೋನ್ ಮಾಡಿದರು. "ಏನ್ರಿ ಸರ, ಪಂಚಶೀಲ ತೊಗೊಂಡಾವ್ರು ಬಂದೂಕು ಹಿಡೀಬಹುದೇನ್ರಿ?" ಎಂದರು. "ತೆಂಗಿನಕಾಯಿಗೆ ಹೊಡದದ್ರಿ ಅಕ್ಕಾರ, ಅದಕ್ಕೆಲ್ಲಿ ಪ್ರಾಣ" ಎಂದು ನಕ್ಕು ಜಾರಿಕೊಂಡೆ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಹೇಳುವಾಗ ಭಗವಾನರು ಮೊದಲು ಹೆಸರಿಸಿದ್ದೇ ಆಯುಧದ ವ್ಯಾಪಾರವನ್ನು. ಅಂಥ ಪ್ರಶ್ನೆಗೆ ನಗೆಯ ಉತ್ತರ ಸಲ್ಲದು. ಆ ದಿನ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅಕ್ಕಾರ ಓದಲಿ, ನೀವೂ ಓದಿರಿ.

ನಾನು ಶಾಲೆಯಲ್ಲಿ ಕನ್ನಡದ ಜೊತೆ ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತೇನೆಂಬುದು ನಿಮಗೆ ಗೊತ್ತು. ಅದರ ತರಬೇತಿಗೆ ನಾಗಪುರದ ಹತ್ತಿರದ ಕಾಮಠಿಗೆ ಹೋಗಿದ್ದೆ. ವಾರವಿಡೀ ರೈಫಲ್ಲು, ರಜೆಯ ದಿನ ದೀಕ್ಷಾಭೂಮಿ. 1956ರಲ್ಲಿ ಬಾಬಾಸಾಹೇಬರು ಧಮ್ಮ ಸ್ವೀಕರಿಸಿದ ಆ ನೆಲದಲ್ಲಿ ಮೊದಲ ಸಲ ಕೂತದ್ದೂ ಗುರಿ ಹಿಡಿಯಲು ಕಲಿತದ್ದೂ ನನಗೆ ಒಂದೇ ಕಾಲದಲ್ಲಿ. ಅಲ್ಲಿ ಜೊತೆಗಿದ್ದ ಕೊಡಗಿನ ಶಿಕ್ಷಕ ಮಿತ್ರರು ಈ ಸಲ ಕೈಲ್ ಪೊಳ್ದ್ ಹಬ್ಬಕ್ಕೆ ಬರಲೇಬೇಕೆಂದರು. ಭತ್ತದ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಆಯುಧಗಳ ಹಬ್ಬ ಅದು. ಕೋವಿಯ ನಳಿಗೆಗೆ ತೋಕ್ ಪೂವು ಕಟ್ಟಿ ಪೂಜಿಸುತ್ತಾರೆ, ಕಡುಬು ಉಣ್ಣುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಅಲ್ಲಿ ಮನೆಮನೆಯಲ್ಲೂ ಕೋವಿ ಇರುವುದನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಹತಾರ ಒಪ್ಪಿಸಿರೆಂದು ಕಂಪನಿ ಸರ್ಕಾರ ಹೇಳಿದಾಗ ಒಪ್ಪದ ಬೇಡರ ಊರಿಗೆ ಬೆಂಕಿ ಇಟ್ಟರು, ಸಿಕ್ಕವರನ್ನು ಗಲ್ಲಿಗೇರಿಸಿದರು. ಅದೇ ನಿಶ್ಶಸ್ತ್ರೀಕರಣದ ಕಾನೂನಿನಿಂದ 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ನಾಲ್ಕು ವರ್ಷದೊಳಗೆ ಒಂದು ಕಡೆ ಹಗ್ಗ, ಇನ್ನೊಂದು ಕಡೆ ಗೌರವ. ಹಲಗಲಿಯ ಲಾವಣಿಯನ್ನು ಪ್ರತಿ ವರ್ಷ ಹತ್ತನೇ ತರಗತಿಗೆ ಪಾಠ ಮಾಡುವವನಿಗೆ ಇದು ಹೊಟ್ಟೆಯಲ್ಲಿ ಚುಳ್ಳೆನ್ನದೆ ಇರುತ್ತದೆಯೇ? ಇರಲಿ, ಅದು ಇನ್ನೊಂದು ದಿನದ ಮಾತು.

ಮಿತ್ರರ ದೊಡ್ಡಪ್ಪನ ಬಳಿ ಅವರ ಅಜ್ಜನ ಕಾಲದ ಚಕಮಕಿ ಕಲ್ಲಿನ ಕೋವಿ ಇತ್ತು. ಎಪ್ಪತ್ತು ದಾಟಿದ ಹಿರಿಯರು. ಮನೆಯ ಹಿಂದಿನ ಗದ್ದೆಯ ಅಂಚಿನಲ್ಲಿ ಕಂಬ ನೆಟ್ಟು, ಮೇಲೊಂದು ತೆಂಗಿನಕಾಯಿ ಇಟ್ಟು, ನನ್ನ ಪಕ್ಕದಲ್ಲೇ ನಿಂತು ತುಂಬಿಸುವುದನ್ನು ತೋರಿಸಿದರು. ಕರಿಮದ್ದನ್ನು ಅಳೆದು ನಳಿಗೆಯ ಬಾಯಿಂದ ಸುರಿಯಬೇಕು. ಸೀಸದ ಗುಂಡನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಕೋಲಿನಿಂದ ತಳದವರೆಗೆ ಗಿಡಿಯಬೇಕು. ಕಿವಿಯ ಪಕ್ಕದ ಸಣ್ಣ ಬಟ್ಟಲಿಗೆ ಚಿಟಿಕೆ ನುಣ್ಣನೆಯ ಮದ್ದು ಹಾಕಬೇಕು. ಟ್ರಿಗರ್ ಎಳೆದರೆ ಕಲ್ಲು ಕಚ್ಚಿಕೊಂಡಿರುವ ಕುದುರೆ ಉಕ್ಕಿಗೆ ಬಡಿಯುತ್ತದೆ, ಕಿಡಿ ಬಟ್ಟಲಿಗೆ ಬೀಳುತ್ತದೆ, ಬಟ್ಟಲಿನ ಉರಿ ಸಣ್ಣ ಕಿಂಡಿಯಿಂದ ಒಳಗೆ ನುಗ್ಗಿ ದೊಡ್ಡ ಮದ್ದಿಗೆ ತಾಗುತ್ತದೆ. ಆಮೇಲೆ ಗುಂಡು ಹೊರಡುತ್ತದೆ. ಒಂದು ಗುಂಡಿಗೆ ಇಷ್ಟು ಕೆಲಸ.

ನಮ್ಮ ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಐದು ಗುಂಡನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸಿದ ಜಂಬ ನನ್ನಲ್ಲಿತ್ತು. ಮೊದಲನೆಯದು ತಪ್ಪಿತು. ಎರಡನೆಯದೂ ಮೂರನೆಯದೂ ಹಾಗೇ. ಪ್ರತಿ ಸಲ ಕಣ್ಣೆದುರು ಭಗ್ಗೆಂದು ಉರಿ, ಆಮೇಲೆ ಹೊಗೆ, ಹೊಗೆ ಸರಿದರೆ ಕಾಯಿ ಇದ್ದಲ್ಲೇ ಇದೆ. ಕೋವಿಯೇ ಸರಿಯಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿದೆ.

ಹಿರಿಯರು ಹೇಳಿದರು: "ಬಟ್ಟಲಲ್ಲಿ ಬೆಂಕಿ ಕಂಡ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ ಮೇಷ್ಟ್ರೆ. ಆಗ ಗುಂಡು ಇನ್ನೂ ಒಳಗೇ ಇರುತ್ತದೆ. ಅಷ್ಟು ಹೊತ್ತು ಕಾಯಬೇಕು."

ಅಷ್ಟು ಹೊತ್ತು ಎಂದರೆ ಎಷ್ಟು? ರೆಪ್ಪೆ ಬಡಿಯುವಷ್ಟೂ ಇಲ್ಲ. ನಾನು ಅಲುಗಾಡುತ್ತಲೇ ಇಲ್ಲವಲ್ಲ ಎಂದೆ. ಅವರು ಮಾತು ಬೆಳೆಸಲಿಲ್ಲ. ಕೋವಿ ತೆಗೆದುಕೊಂಡು ಆ ಕಡೆ ತಿರುಗಿ ತಾವೇ ತುಂಬಿಸಿ ಕೊಟ್ಟರು. ಗುರಿ ಹಿಡಿದೆ, ಉಸಿರು ಕಟ್ಟಿದೆ, ಎಳೆದೆ. ಟಕ್ ಎಂದಿತು. ನಾಲ್ಕು ಕಿಡಿ ಹಾರಿದವು, ಅಷ್ಟೇ. ಅವರು ಮದ್ದನ್ನೇ ಹಾಕಿರಲಿಲ್ಲ. ಆದರೆ ನಳಿಗೆಯ ತುದಿ ಗೇಣುದ್ದ ಕೆಳಗೆ ಇಳಿದಿತ್ತು, ನನ್ನ ಕಣ್ಣು ಮುಚ್ಚಿತ್ತು, ಹೆಗಲು ಸೆಟೆದಿತ್ತು. ಪಕ್ಕದಲ್ಲಿ ನಿಂತ ಮಕ್ಕಳು ಗೊಳ್ಳೆಂದು ನಕ್ಕರು.

ಸದ್ದಿಲ್ಲ, ಒದೆತವಿಲ್ಲ, ಉರಿಯಿಲ್ಲ. ಆದರೂ ಬೆಚ್ಚಿದ್ದೆ. ಯಾವುದಕ್ಕೆ?

ಬಂಧುಗಳೇ, ಆರು ವರ್ಷದಿಂದ ಹುಣ್ಣಿಮೆ ತಪ್ಪಿಸದೆ ಐಹೊಳೆಯ ಮೇಗುತಿ ಗುಡ್ಡ ಹತ್ತಿ, ಆ ಎರಡಂತಸ್ತಿನ ಬೌದ್ಧ ಚೈತ್ಯದ ಪಡಸಾಲೆಯಲ್ಲಿ ಕೂತು ಉಸಿರು ನೋಡಿದವನು ನಾನು. ಫಸ್ಸದಿಂದ ವೇದನೆ, ವೇದನೆಯಿಂದ ತಣ್ಹೆ ಎಂದು ನಿಮಗೇ ಎಷ್ಟು ಸಲ ವಿವರಿಸಿಲ್ಲ! ವೇದನೆಗೂ ತಣ್ಹೆಗೂ ನಡುವೆ ಒಂದು ಸಂದು ಇದೆ, ಎಚ್ಚರ ನಿಲ್ಲಬೇಕಾದದ್ದು ಅಲ್ಲಿ ಎಂದು ಬೋರ್ಡಿನ ಮೇಲೆ ಗೆರೆ ಹಾಕಿ ತೋರಿಸಿದ್ದೇನೆ. ಬಟ್ಟಲಿನ ಉರಿಗೂ ನಳಿಗೆಯ ಗುಂಡಿಗೂ ನಡುವಿನ ಆ ಸಂದಿನಲ್ಲಿ ನಾನು ಇರಲೇ ಇಲ್ಲ. ಹಿಂದಿನ ಮೂರು ಸದ್ದುಗಳು ಅಲ್ಲಿ ಕೂತಿದ್ದವು. ಧಮ್ಮಪದದ ಚಿತ್ತವರ್ಗ ಬಾಣವನ್ನು ನೆಟ್ಟಗೆ ಮಾಡುವವನ ಹೋಲಿಕೆಯಿಂದಲೇ ಶುರುವಾಗುತ್ತದೆ. ಅಲ್ಲಿ ಗುರಿಯ ಮಾತು ಬರುವುದಿಲ್ಲ ಎಂಬುದು ಇಷ್ಟು ವರ್ಷ ಓದಿದರೂ ನನಗೆ ಹೊಳೆದಿರಲಿಲ್ಲ.

ಮಧ್ಯಾಹ್ನದವರೆಗೆ ಹಿರಿಯರು ಒಮ್ಮೆ ಮದ್ದು ಹಾಕಿ, ಒಮ್ಮೆ ಹಾಕದೆ ಕೊಡುತ್ತಲೇ ಹೋದರು. ಯಾವುದು ಯಾವುದೆಂದು ನನಗೆ ತಿಳಿಯದು. ಕೊನೆಗೆ ಒಂದು ಗುಂಡು ಕಾಯಿಯ ಸಿಪ್ಪೆ ಸವರಿಕೊಂಡು ಹೋಯಿತು. ನೀವು ನೋಡಿದ ಫೋಟೋ ಆಗ ತೆಗೆದದ್ದು.

ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಜುಲೈ ತಿಂಗಳ ಒಂದು ಬೆಳಗು ಕಣ್ಣಿಗೆ ಬಂತು. ಇದನ್ನು ಬಳಗದಲ್ಲಿ ಈವರೆಗೆ ಹೇಳಿಲ್ಲ. ಇಳಕಲ್ ಹತ್ತಿರದ ಹಳ್ಳಿಯಿಂದ ಬರುವ ಒಂಬತ್ತನೇ ತರಗತಿಯ ಹುಡುಗ, ಪ್ರಾರ್ಥನೆ ಮುಗಿದ ಮೇಲೆ ಬಂದ. ಆ ವಾರ ಅದು ಮೂರನೇ ಸಲ. ಯಾಕೋ ತಡ ಎಂದೆ. ಉತ್ತರ ಕೊಡದೆ ಕೈಯನ್ನು ಚಡ್ಡಿಯ ಕಿಸೆಗೆ ಹಾಕಿದ. ನನ್ನ ಮುಂದೆ ಕಿಸೆಯಲ್ಲಿ ಕೈ! ಎಲ್ಲರ ಎದುರು ಕಪಾಳಕ್ಕೆ ಹೊಡೆದೆ. ಕಿಸೆಯಿಂದ ಹೊರಬಂದ ಕೈಯಿಂದ ಒಂದು ಬಸ್ ಟಿಕೇಟು ಕೆಳಗೆ ಬಿತ್ತು. ಹತ್ತಿದ ಹೊತ್ತು ಅದರ ಮೇಲೆ ಅಚ್ಚಾಗಿತ್ತು. ಬಸ್ಸೇ ತಡವಾಗಿ ಬಂದಿತ್ತು. ಮೂರು ದಿನ ಹುಡುಗ ಶಾಲೆಗೆ ಬರಲಿಲ್ಲ, ಆಮೇಲೆ ಬಂದು ಹಿಂದಿನ ಬೆಂಚಿಗೆ ಕೂತ. ನಾನು ಏನೂ ಆಗದವನಂತೆ ಹಳಗನ್ನಡ ಪಾಠ ಮಾಡಿದೆ. ಅವನು ಹೊಡೆಸಿಕೊಳ್ಳುವಂಥದ್ದು ಏನೂ ಮಾಡಿರಲಿಲ್ಲ. ನನ್ನ ಕೋವಿಯಲ್ಲಿ ಆವತ್ತೂ ಮದ್ದಿರಲಿಲ್ಲ.

ಮೊನ್ನೆ ರವಿವಾರ ಅವರ ಮನೆಗೆ ಹೋದೆ. ಒಳಗೆ ಕುಣಿ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಇತ್ತು. ಹುಡುಗನೇ ಕೂತು ಲಾಳಿ ಎಸೆಯುತ್ತಿದ್ದ. ಅವನ ತಾಯಿ ಗಾಬರಿಯಾಗಿ, "ಏನ್ ಮಾಡ್ಯಾನ್ರಿ ಸರ?" ಎಂದಳು. "ಅವ ಏನೂ ಮಾಡಿಲ್ಲವ್ವ, ತಪ್ಪು ನಂದು" ಎಂದು ನಡೆದದ್ದನ್ನು ಹೇಳಿದೆ. ಆಕೆಗೆ ಅದು ಗೊತ್ತೇ ಇರಲಿಲ್ಲ. ಹುಡುಗ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. "ನನ್ನ ಕ್ಷಮಿಸಪ್ಪ" ಎಂದು ಅವನಿಗೆ ಹೇಳಿದೆ. ಅವನು ಲಾಳಿ ನಿಲ್ಲಿಸಿ, ನೂಲು ನೋಡುತ್ತ, "ಇರಲಿ ಬಿಡ್ರಿ ಸರ" ಎಂದ.

ಹೆಗಲ ಮೇಲೆ ಕೈ ಇಡೋಣವೆಂದು ಕೈ ಎತ್ತಿದೆ. ಹುಡುಗ ಕಣ್ಣು ಮುಚ್ಚಿ ತಲೆ ವಾರೆ ಮಾಡಿದ.

ಕೈ ಇಳಿಸಿದೆ. ಅವನ ತಾಯಿ ಚಹಾ ತಂದು ಕೊಟ್ಟಳು. ಕುಡಿದು ಎದ್ದು ಬರುವಾಗ ಮತ್ತೆ ಲಾಳಿಯ ಸದ್ದು ಶುರುವಾಗಿತ್ತು.

ನಮೋ ಬುದ್ಧಾಯ. ಜೈ ಭೀಮ್.