ಜನ ಮೆಚ್ಚಿದ್ದೆಲ್ಲ ಟೊಳ್ಳೇ?

ಜನ ಮುಗಿಬಿದ್ದು ನೋಡುವ ಸಿನಿಮಾದಲ್ಲಿ ಆಳವಿರಲಾರದೆಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡಿಗೆ ಹೊರಡುವ ಜನಸಾಮಾನ್ಯರು ಜಕಣಾಚಾರಿಯನ್ನು ಬಲ್ಲರು. ಆ ದಂತಕಥೆಯನ್ನು ಬಿ.ಎಸ್. ರಂಗಾ 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಎಂಬ ವರ್ಣಚಿತ್ರವಾಗಿ ತೆರೆಗೆ ತಂದರು. ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆನ್ನುತ್ತಾನೆ ತರುಣನೊಬ್ಬ. ಒಳಗಿಂದ ಕಪ್ಪೆ ಹೊರಬೀಳುತ್ತದೆ. ಮಹಾಶಿಲ್ಪಿ ಕೊಟ್ಟ ಮಾತಿನಂತೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳುತ್ತಾನೆ. ತಪ್ಪು ತೋರಿಸಿದವನು ಅವನ ಮಗನೇ!

ಬೇಲೂರಿನ ಶಾಸನಗಳು ಹೇಳುವುದು ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳನ್ನು. ಜಕಣಾಚಾರಿಯ ಹೆಸರು ಅಲ್ಲಿಲ್ಲ. ಇತಿಹಾಸವಾಗಿ ದುರ್ಬಲವಾದ ಈ ಕಥೆ ನೀತಿಯಾಗಿ ಗಟ್ಟಿ. ಎಂದೂ ಸೋಲದ, ಎಂದೂ ತಪ್ಪದ ನಾಯಕನಿಗೇ ಶಿಳ್ಳೆ ಹೊಡೆದು ಬೆಳೆದ ಸಮಾಜ ತನ್ನನ್ನು ಆಳುವವರನ್ನು ಪ್ರಶ್ನಿಸುವುದನ್ನೂ ಮರೆಯುತ್ತದೆ. ಚಿತ್ರದ ಆಳವನ್ನು ಟಿಕೆಟ್ಟಿನ ಲೆಕ್ಕದಿಂದ ಅಳೆಯಲಾಗದು. ನಾವು ಮೆಚ್ಚಿದವನ ತಪ್ಪನ್ನು ಅದು ನಮಗೇ ತೋರಿಸಬಲ್ಲುದೇ ಎಂದು ಕೇಳೋಣ.