ನಕ್ಕವರು ಯಾರ ಪಕ್ಷ?

ಹಾಸ್ಯವನ್ನು ಓದುವಾಗ ನ್ಯಾಯ ಅನ್ಯಾಯಗಳ ಮಾತೇಕೆ ಎಂದು ಕೇಳುವವರುಂಟು. ನಗುವುದಕ್ಕೂ ಲೆಕ್ಕ ಇಡಬೇಕಾದರೆ ನಗುವಿನ ಸುಖವೇನು ಉಳಿಯಿತು ಎಂಬುದು ಅವರ ವಾದ. ತಳ್ಳಿಹಾಕುವಂಥ ವಾದವಲ್ಲ. ಆದರೆ ಅಮೆರಿಕದ ಹಳೆಯ ವಿನೋದ ಕಥೆಗಳನ್ನು, ಅದರಲ್ಲೂ ಜನರ ಆಡುಮಾತಿನಲ್ಲೇ ಬರೆದವನ್ನು, ಓದುತ್ತ ಹೋದಂತೆ ಈ ಸಮಾಧಾನ ನನಗೆ ಸಾಲದೆನಿಸುತ್ತದೆ.

ಶಾಲೆಯಲ್ಲಿ ವ್ಯಾಕರಣ ಉರುಹೊಡೆದು ಇಂಗ್ಲಿಷ್ ಸಂಪಾದಿಸಿಕೊಂಡ ನಮ್ಮಂಥವರಿಗೆ ಈ ಕಥೆಗಳು ಥಟ್ಟನೆ ಒಲಿಯುವುದಿಲ್ಲ. ಕ್ರಿಯಾಪದವು ಕರ್ತೃವಿನ ಹಿಡಿತಕ್ಕೆ ಸಿಕ್ಕುವುದಿಲ್ಲ. ಪದಗಳು ಬಾಯಲ್ಲಿ ಸವೆದ ರೂಪದಲ್ಲೇ ಅಚ್ಚಾಗಿರುತ್ತವೆ. ನಿಘಂಟು ಸಹಾಯಕ್ಕೆ ಬರುವುದಿಲ್ಲ. ಗಟ್ಟಿಯಾಗಿ ಓದಿಕೊಂಡಾಗ ಮಾತ್ರ ಆ ಸಾಲುಗಳ ಹಿಂದಿನ ಮನುಷ್ಯ ಎದುರಿಗೆ ಬಂದು ಕೂರುತ್ತಾನೆ. ಆಗ ನಗು ಬರುತ್ತದೆ. ಜೊತೆಗೇ, ಇವನಿಗಿಂತ ನಾವು ತಿಳಿದವರು ಎಂಬ ಸಣ್ಣದೊಂದು ಬಿಗುಮಾನವೂ ಬರುತ್ತದೆ. ಕಥೆಗಾರರಲ್ಲಿ ಉತ್ತಮರಾದವರು ಹಿಡಿಯುವುದು ಈ ಬಿಗುಮಾನವನ್ನೇ.

ಮಾರ್ಕ್ ಟ್ವೇನನ ನೆಗೆಯುವ ಕಪ್ಪೆಯ ಕಥೆ 1865ರಲ್ಲಿ ಪ್ರಕಟವಾಯಿತು. ಗಣಿಗಾರರ ಹಳ್ಳಿಯೊಂದರಲ್ಲಿ ಸೈಮನ್ ವೀಲರ್ ಎಂಬ ಮುದುಕ, ಯಾರನ್ನೋ ವಿಚಾರಿಸಲು ಬಂದ ವಿದ್ಯಾವಂತನನ್ನು ಮೂಲೆಗೆ ಸೇರಿಸಿ, ಬಾಜಿ ಕಟ್ಟುವ ಚಟದವನೊಬ್ಬನ ವೃತ್ತಾಂತ ಹೇಳುತ್ತಾನೆ. ಅವನ ಕಪ್ಪೆಯ ಹೊಟ್ಟೆಗೆ ಅಪರಿಚಿತನೊಬ್ಬ ಕೋವಿಯ ಸೀಸದ ಚರೆ ತುಂಬಿಸಿ ಬಾಜಿ ಗೆದ್ದುಬಿಡುತ್ತಾನೆ. ಹೇಳುವಷ್ಟು ಹೊತ್ತೂ ಮುದುಕ ಒಮ್ಮೆಯೂ ನಗುವುದಿಲ್ಲ. ಕೇಳುವ ವಿದ್ಯಾವಂತನಿಗೆ ಬರೀ ಬೇಸರ. ಎದ್ದು ಹೋದರೆ ಸಾಕಾಗಿದೆ. ಹೇಳುವವನು ತನ್ನ ಕಥೆಯಲ್ಲಿ ನಗುವಂಥದೇನೋ ಇದೆಯೆಂಬ ಸುಳಿವೇ ತನಗಿಲ್ಲದಂತೆ ಇರಬೇಕೆಂದು ಟ್ವೇನ್ 1895ರ ಲೇಖನವೊಂದರಲ್ಲಿ ಬರೆದಿದ್ದಾನೆ. ಇಲ್ಲಿ ಕಡೆಗೆ ನಗೆಪಾಟಲಾಗುವವನು ಮುದುಕನಲ್ಲ, ಶುದ್ಧ ಇಂಗ್ಲಿಷಿನ ಆ ಸಭ್ಯಗೃಹಸ್ಥ.

ಅದೇ ಲೇಖಕ 1874ರಲ್ಲಿ ಇನ್ನೊಂದು ಕಥೆ ಬರೆದ. ಬೇಸಗೆಯ ಸಂಜೆ ಮನೆಯವರು ಜಗಲಿಯಲ್ಲಿ ಕುಳಿತಿದ್ದಾರೆ. ಕೆಳಗೆ ಮೆಟ್ಟಿಲ ಮೇಲೆ ಅರುವತ್ತು ವರ್ಷದ ನೀಗ್ರೋ ಸೇವಕಿ ಆಂಟ್ ರೇಚಲ್. ಎಲ್ಲರೂ ಚೇಷ್ಟೆ ಮಾಡುತ್ತಾರೆ, ಅವಳೂ ಮನಸಾರೆ ನಗುತ್ತಾಳೆ. ಇಷ್ಟು ವರ್ಷ ಬದುಕಿಯೂ ನಿನಗೆ ಕಷ್ಟವೆಂಬುದೇ ಬಂದಿಲ್ಲವಲ್ಲ, ಅದು ಹೇಗೆ ಎಂದು ಯಜಮಾನ ಕೇಳುತ್ತಾನೆ. ಅವಳ ನಗು ನಿಲ್ಲುತ್ತದೆ. ಗಂಡನನ್ನೂ ಏಳು ಮಕ್ಕಳನ್ನೂ ಕಣ್ಣೆದುರೇ ಹರಾಜು ಹಾಕಿದ್ದನ್ನು ಅವಳು ತನ್ನ ಮಾತಿನಲ್ಲೇ ಹೇಳುತ್ತಾಳೆ. ಹೇಳುತ್ತ ಹೇಳುತ್ತ ಮೆಟ್ಟಿಲಿನಿಂದ ಎದ್ದು ನಿಲ್ಲುತ್ತಾಳೆ. ಕುಳಿತವರೆಲ್ಲ ಅವಳ ಕೆಳಗಾಗುತ್ತಾರೆ. ಅಂದಿನ ನಾಟಕಮಂದಿರಗಳಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಇಂಥದೇ ಮಾತನ್ನು ಅಣಕಿಸಿ ಜನರನ್ನು ನಗಿಸುತ್ತಿದ್ದ ಕಾಲವದು. ನಗೆಗೆಂದು ಮೀಸಲಾಗಿದ್ದ ಮಾತಿನಿಂದಲೇ ಟ್ವೇನ್ ನಗುವವರ ಬಾಯಿ ಕಟ್ಟಿದ.

ಇವೆರಡಕ್ಕಿಂತ ಕಠಿನವಾದ ಪರೀಕ್ಷೆ ರಿಂಗ್ ಲಾರ್ಡ್‌ನರನ ‘ಹೇರ್‌ಕಟ್’, 1925ರ ಕಥೆ. ಸಣ್ಣ ಊರಿನ ಕ್ಷೌರಿಕ, ಕುರ್ಚಿಯಲ್ಲಿ ಕುಳಿತ ಹೊಸಬನ ಕೂದಲು ಕತ್ತರಿಸುತ್ತ, ಸತ್ತುಹೋದ ಜಿಮ್ ಕೆಂಡಾಲ್ ಎಂಬ ‘ತಮಾಷೆಗಾರ’ನ ಗುಣಗಾನ ಮಾಡುತ್ತಾನೆ. ಜಿಮ್ಮನ ತಮಾಷೆಗಳೆಂಥವು? ಅಪರಿಚಿತ ಸಂಸಾರಗಳಿಗೆ ಹೆಂಡತಿಯ ಶೀಲದ ಮೇಲೆ ಸಂಶಯ ಹುಟ್ಟಿಸುವ ಕಾಗದ ಬರೆಯುವುದು; ಹೆಂಡತಿ ಮಕ್ಕಳನ್ನು ಸರ್ಕಸ್ಸಿನ ಡೇರೆಯ ಬಾಗಿಲಲ್ಲಿ ಕಾಯಿಸಿ ತಾನು ಕುಡಿಯುತ್ತ ಕೂರುವುದು; ವೈದ್ಯನನ್ನು ಪ್ರೀತಿಸುವ ಹುಡುಗಿಯನ್ನು ಅವನದೇ ದನಿ ಅನುಕರಿಸಿ ರಾತ್ರಿ ಕರೆಸಿ, ಸಂಗಡಿಗರೊಡನೆ ಕೂಡಿ ಅವಮಾನಿಸುವುದು. ಕೊನೆಗೆ ಬುದ್ಧಿಮಾಂದ್ಯನಾದ ಹುಡುಗನೊಬ್ಬನ ಕೋವಿಯಿಂದ ಜಿಮ್ ಸಾಯುತ್ತಾನೆ. ಅದು ಅಪಘಾತವೇ ಎಂದು ಕ್ಷೌರಿಕ ನಂಬಿದ್ದಾನೆ. ನಾವು ನಂಬುವುದಿಲ್ಲ.

ಇದನ್ನೇ ಸಾಧುಭಾಷೆಯ ಲೇಖಕನೊಬ್ಬ ನಿರೂಪಿಸಿದ್ದರೆ ‘ಕ್ರೂರಿಯಾದ ಜಿಮ್’ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದ. ನಮ್ಮ ಕೆಲಸ ಹಗುರವಾಗುತ್ತಿತ್ತು. ಆಡುಮಾತಿನ ಕಥೆಯಲ್ಲಿ ಲೇಖಕ ತಾನು ಮಾತಾಡುವಂತಿಲ್ಲ. ಒಂದು ಬಾಯಿ ಹೇಳುತ್ತದೆ, ಒಂದು ಕಿವಿ ಕೇಳುತ್ತದೆ, ತೀರ್ಪು ಕಿವಿಯದು. ಆದ್ದರಿಂದಲೇ ಇಂಥ ಕಡೆ ನಗುವುದೆಂದರೆ ಕೈ ಎತ್ತಿ ಮತ ಕೊಟ್ಟಂತೆ. ಕ್ಷೌರಿಕ ಕೆಟ್ಟವನಲ್ಲ, ಜಿಮ್ಮನಿಗೆ ಹೃದಯವೂ ಒಳ್ಳೆಯದೇ ಇತ್ತೆಂದು ಹೇಳುವಷ್ಟು ಸಾತ್ವಿಕ. ಆದರೆ ಪ್ರತಿ ಶನಿವಾರ ಆ ಅಂಗಡಿಯಲ್ಲಿ ಕೂತು ನಗುವವರು ಇಲ್ಲದಿದ್ದರೆ ಜಿಮ್ಮನ ದುಷ್ಟತನಕ್ಕೆ ಅರ್ಧ ಕಸುವು ಇರುತ್ತಿರಲಿಲ್ಲ. ಕ್ರೌರ್ಯ ಮಾಡುವುದಕ್ಕೆ ಒಬ್ಬ ಸಾಕು. ಅದಕ್ಕೆ ವಿನೋದವೆಂಬ ಹೆಸರು ಬರಬೇಕಾದರೆ ಹತ್ತು ಜನ ಒಳ್ಳೆಯವರು ಬೇಕು.

ಹಾಗಾದರೆ ನಗಬಾರದೇ? ಅದು ನನ್ನ ಅಭಿಪ್ರಾಯವಲ್ಲ. ತಡೆದು ತಡೆದು ನಗುವ ನಗು ನಗುವೇ ಅಲ್ಲ. ಮೊದಲ ನಗು ನಮ್ಮ ಕೈಮೀರಿದ್ದು. ನಮ್ಮ ಕೈಯಲ್ಲಿರುವುದು ಎರಡನೆಯದು. ಒಮ್ಮೆ ನಕ್ಕ ಮೇಲೆ, ಈಗ ನೊಂದವರಾರು, ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ನಗುತ್ತ ಕುಳಿತವರಾರು ಎಂದು ಅರೆಗಳಿಗೆ ನೋಡಿಕೊಳ್ಳಬಹುದು. ಸೈಮನ್ ವೀಲರನ ಕಥೆ ಈ ನೋಟಕ್ಕೆ ಹೆದರುವುದಿಲ್ಲ, ಇನ್ನೊಮ್ಮೆ ನಗಿಸುತ್ತದೆ. ಜಿಮ್ಮನ ತಮಾಷೆಗಳಿಗೆ ಎರಡನೆಯ ನಗು ಹುಟ್ಟುವುದಿಲ್ಲ.