ಮಾರಿದ ವಸ್ತುವಿನ ಮೇಲೆ ಮಾರಿದವನ ಕೈ

ನಮ್ಮ ಬಸದಿಯ ಟ್ರಸ್ಟಿಗೆ ಸೇರಿದ ಒಂದು ಸ್ಮಾರ್ಟ್‌ಫೋನ್ ಇದೆ. ಭಕ್ತರು ಈಗ ಹುಂಡಿಗೆ ಹಾಕುವುದಕ್ಕಿಂತ ಫೋನಿನ ಮೂಲಕ ಕಳುಹಿಸುವ ಕಾಣಿಕೆಯೇ ಹೆಚ್ಚು. ಹಣ ಬಂದ ಸಂದೇಶಗಳೆಲ್ಲ ಆ ಫೋನಿಗೇ ಬರುವುದರಿಂದ ಅದರ ಯೋಗಕ್ಷೇಮವೂ ಖಜಾಂಚಿಯಾದ ನನ್ನ ಪಾಲಿಗೆ ಬಂದಿದೆ. ಕಳೆದ ದಶಲಕ್ಷಣ ಪರ್ವದ ನಡುವೆ ಒಂದು ರಾತ್ರಿ ಅದು ತಾನೇ ತಾನಾಗಿ ಹೊಸ ತಂತ್ರಾಂಶವನ್ನು ತುಂಬಿಸಿಕೊಂಡಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಬರಿದು. ವಾರ ಕಳೆದರೂ ಅದೇ ಸ್ಥಿತಿ. ಟ್ರಸ್ಟಿನ ಸಭೆಯಲ್ಲಿ ವಿಷಯ ಬಂದಾಗ ‘ಹಳೆಯದಾಯಿತು, ಹೊಸದು ಕೊಳ್ಳೋಣ’ ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ನಿರ್ಣಯವನ್ನು ಪುಸ್ತಕದಲ್ಲಿ ಬರೆದುಕೊಂಡವನು ನಾನೇ. ಬಸದಿಯ ಗೋಡೆಗೆ ಸುಣ್ಣ ಹೊಡೆಸುವ ಖರ್ಚಿಗಾಗಿ ಒಂದು ಗಂಟೆ ಚರ್ಚಿಸಿದ್ದ ನಾವು ಇದನ್ನು ಎರಡು ನಿಮಿಷದಲ್ಲಿ ಮುಗಿಸಿದ್ದೆವು.

ನಮ್ಮ ಗುಮಾಸ್ತ ಮಾತ್ರ ಒಪ್ಪಲಿಲ್ಲ. ಆತ ಫೋನನ್ನು ರಿಪೇರಿ ಅಂಗಡಿಗೆ ಒಯ್ದು ಬ್ಯಾಟರಿ ಬದಲಾಯಿಸಿಕೊಂಡು ಬಂದ. ಖರ್ಚು ಹೊಸ ಫೋನಿನ ಬೆಲೆಯ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಅಂದಿನಿಂದ ಇಂದಿನವರೆಗೆ ಅದು ಸರಿಯಾಗಿಯೇ ಇದೆ. ದಾನಿಗಳ ಹಣವನ್ನು ನಾವು ಅಷ್ಟು ಸುಲಭವಾಗಿ ವ್ಯಯಮಾಡಲು ಸಿದ್ಧರಾದದ್ದೇಕೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಮಗೆ ತಿಳಿಯಬೇಕಾದದ್ದು ತಿಳಿದಿರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಹಾಗಾದರೆ ತಿಳಿಸಬೇಕಾದವರು ಯಾರು?

ಎಲ್ಲ ದೋಷವನ್ನೂ ತಯಾರಕರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹೊಸ ತಂತ್ರಾಂಶ ಬಂದ ಮೇಲೆ ಒಂದೆರಡು ದಿನ ಫೋನು ಒಳಗೊಳಗೇ ಬಹಳ ದುಡಿಯುತ್ತದೆ. ಚಿತ್ರಗಳನ್ನೂ ಕಡತಗಳನ್ನೂ ಮತ್ತೆ ಪಟ್ಟಿಮಾಡಿಕೊಳ್ಳುತ್ತದೆ, ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳುತ್ತದೆ. ಆಗ ಬ್ಯಾಟರಿ ಬೇಗ ಇಳಿಯುವುದು ಸಹಜ. ಅದಲ್ಲದೆ ಬ್ಯಾಟರಿಗೆ ಮುಪ್ಪು ಎಂಬುದು ಇದ್ದೇ ಇದೆ. 1991ರಲ್ಲಿ ಸೋನಿ ಕಂಪೆನಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದ, 2019ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಲಿಥಿಯಂ-ಅಯಾನ್ ಬ್ಯಾಟರಿಯೇ ಇಂದು ಎಲ್ಲರ ಜೇಬಿನಲ್ಲಿದೆ. ತುಂಬಿ ಬರಿದಾಗುವ ಪ್ರತಿಯೊಂದು ಆವರ್ತದಲ್ಲಿಯೂ ಅದರ ಧಾರಣಶಕ್ತಿ ಅಷ್ಟಷ್ಟು ಕುಗ್ಗುತ್ತದೆ, ಒಳಗಿನ ವಿದ್ಯುತ್ ಪ್ರತಿರೋಧ ಅಷ್ಟಷ್ಟು ಏರುತ್ತದೆ. ಹೀಗೆ ಹಳತಾದ ಬ್ಯಾಟರಿಯಿಂದ ಫೋನು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಕೇಳಿದರೆ ವೋಲ್ಟೇಜು ಕುಸಿಯುತ್ತದೆ. ಪರದೆಯ ಮೇಲೆ ಶೇ. 30 ಉಳಿದಿದೆ ಎಂದು ತೋರುತ್ತಿದ್ದರೂ ಫೋನು ತಟ್ಟನೆ ಆರಿಹೋಗುತ್ತದೆ. ಇದು ಪುದ್ಗಲದ ಧರ್ಮ. ಇದಕ್ಕೆ ಯಾರನ್ನೂ ದೂರುವಂತಿಲ್ಲ.

ಧರ್ಮಜಿಜ್ಞಾಸೆ ಆರಂಭವಾಗುವುದು ಇದರ ನಂತರ. ಅಮೆರಿಕೆಯ ಆ್ಯಪಲ್ ಕಂಪೆನಿಯ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. 2016ರ ಕೊನೆಯಲ್ಲಿ ಅದರ ಐಫೋನ್ 6 ಮತ್ತು 6ಎಸ್ ಫೋನುಗಳು ಹೀಗೆ ತಟ್ಟನೆ ಆರಿಹೋಗುತ್ತಿವೆಯೆಂಬ ದೂರುಗಳು ಬಂದವು. 2017ರ ಜನವರಿಯಲ್ಲಿ ಕಂಪೆನಿ ಹೊಸ ತಂತ್ರಾಂಶವೊಂದನ್ನು ಕಳುಹಿಸಿತು. ಮುಂದಿನ ತಿಂಗಳು, ಆರಿಹೋಗುವ ತೊಂದರೆ 6ಎಸ್ ಫೋನುಗಳಲ್ಲಿ ಶೇ. 80ರಷ್ಟು, 6ರಲ್ಲಿ ಶೇ. 70ರಷ್ಟು ಕಡಿಮೆಯಾಗಿದೆಯೆಂದು ತಿಳಿಸಿತು. ಆ ಮಾತು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಸಾಧಿಸಿದ ಬಗೆಯನ್ನು ಹೇಳಲಿಲ್ಲ. ಬ್ಯಾಟರಿ ಹಳತಾದ ಫೋನಿನ ವೇಗವನ್ನೇ ತಗ್ಗಿಸಿ, ಅದು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಕೇಳದಂತೆ ಮಾಡಲಾಗಿತ್ತು. ಕೊಂಡವನಿಗೆ ತಿಳಿದದ್ದು ಇಷ್ಟೇ: ‘ನನ್ನ ಫೋನು ನಿಧಾನವಾಗಿದೆ, ಹಳೆಯದಾಯಿತು.’

ಹೆಚ್ಚುಕಡಿಮೆ ಒಂದು ವರ್ಷ ಹೀಗೆಯೇ ನಡೆಯಿತು. 2017ರ ಡಿಸೆಂಬರಿನಲ್ಲಿ, ಬ್ಯಾಟರಿ ಬದಲಾಯಿಸಿದ ಕೂಡಲೇ ತನ್ನ ಫೋನಿಗೆ ಹಳೆಯ ವೇಗ ಮರಳಿತೆಂಬುದನ್ನು ಬಳಕೆದಾರನೊಬ್ಬ ಗಮನಿಸಿ ಬರೆದ. ಕೆನಡಾದ ಪ್ರೈಮೇಟ್ ಲ್ಯಾಬ್ಸ್ ಸಂಸ್ಥೆಯ ಜಾನ್ ಪೂಲ್ ಎಂಬವರು ಅನೇಕ ಫೋನುಗಳ ವೇಗದ ಅಳತೆಗಳನ್ನು ನಕ್ಷೆಯಾಗಿ ಬಿಡಿಸಿ ತೋರಿಸಿದರು. ಒಂದೆರಡು ದಿನಗಳಲ್ಲಿಯೇ ಕಂಪೆನಿ ಒಪ್ಪಿಕೊಂಡಿತು, ಅದೇ ತಿಂಗಳು 28ರಂದು ಕ್ಷಮೆ ಕೇಳಿತು. ಕೊಂಡವರು ಹೊಸ ಫೋನು ಕೊಳ್ಳಲೆಂದು ಹಳೆಯದರ ಆಯುಷ್ಯವನ್ನು ಬೇಕೆಂದೇ ಎಂದೂ ತಗ್ಗಿಸಿಲ್ಲವೆಂದಿತು. ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕೆಯಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿತು. 2018ರ ಮಾರ್ಚ್‌ನಲ್ಲಿ ಬಂದ ತಂತ್ರಾಂಶದಲ್ಲಿ ಬ್ಯಾಟರಿಯ ಆರೋಗ್ಯವನ್ನು ಕೊಂಡವನೇ ನೋಡುವಂತೆ, ಬೇಡವಾದರೆ ಆ ವೇಗನಿಯಂತ್ರಣವನ್ನು ತೆಗೆದುಹಾಕುವಂತೆ ಅವಕಾಶ ಕೊಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಟಲಿಯ ಪ್ರಾಧಿಕಾರ ಆ್ಯಪಲಿಗೆ 1 ಕೋಟಿ ಯೂರೋ, ಇಂತಹುದೇ ಬೇರೊಂದು ಕಾರಣಕ್ಕೆ ಸ್ಯಾಮ್‌ಸಂಗಿಗೆ 50 ಲಕ್ಷ ಯೂರೋ ದಂಡ ಹಾಕಿತು. 2020ರ ಫೆಬ್ರವರಿಯಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ವಿಧಿಸಿತು. ಅಮೆರಿಕೆಯಲ್ಲಿ ಅದೇ ವರ್ಷ, ತಪ್ಪನ್ನು ಒಪ್ಪಿಕೊಳ್ಳದೆಯೇ, ಬಳಕೆದಾರರಿಗೆ 31 ಕೋಟಿಯಿಂದ 50 ಕೋಟಿ ಡಾಲರಿನವರೆಗೆ ಕೊಡುವ ರಾಜಿಯಾಯಿತು. ಆ ಹಣ ಜನರ ಕೈ ಸೇರಿದ್ದು 2024ರಲ್ಲಿ, ತಲಾ ಸುಮಾರು 92 ಡಾಲರಿನಂತೆ.

ಫ್ರಾನ್ಸಿನ ದಂಡದ ಕಾರಣವನ್ನು ನಾವು ಲಕ್ಷ್ಯಗೊಟ್ಟು ನೋಡಬೇಕು. ವೇಗ ತಗ್ಗಿಸಿದ್ದಕ್ಕೆ ಹಾಕಿದ ದಂಡವಲ್ಲ ಅದು. ತಗ್ಗೀತೆಂಬುದನ್ನು ಕೊಂಡವರಿಗೆ ತಿಳಿಸದೆ ಇದ್ದುದಕ್ಕಾಗಿ ಹಾಕಿದ್ದು. ಮುದಿ ಬ್ಯಾಟರಿಯ ಫೋನು ನಡುದಾರಿಯಲ್ಲಿ ಆರಿಹೋಗುವುದಕ್ಕಿಂತ ನಿಧಾನವಾಗಿ ನಡೆಯುವುದು ಲೇಸೆಂದು ನನಗೂ ತೋರುತ್ತದೆ. ವಯಸ್ಸಾದವರಿಗೆ ಮೆಟ್ಟಿಲನ್ನು ನಿಧಾನವಾಗಿ ಹತ್ತಿರೆಂದು ವೈದ್ಯರು ಹೇಳುವುದಿಲ್ಲವೆ? ಆದರೆ ವೈದ್ಯರು ಹೇಳುತ್ತಾರೆ. ಹೇಳದೆ ಕಾಲಿಗೆ ಭಾರ ಕಟ್ಟುವುದಿಲ್ಲ.

ಹಾಗಾದರೆ ಮೌನವೂ ಅಸತ್ಯವೆ? ಮಾತನಾಡದವನು ಸುಳ್ಳಾಡಿದಂತಾಗುವುದೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ನ್ಯಾಸಾಪಹಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿರುವ ಬಗೆ ವ್ಯಾಪಾರಿಯಾದವನು ನೆನಪಿಡಬೇಕಾದದ್ದು. ಒಬ್ಬನು ಹೊನ್ನನ್ನು ಒತ್ತೆಯಿಟ್ಟು ಹೋಗುತ್ತಾನೆ. ಕಾಲಾಂತರದಲ್ಲಿ ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಅಹುದೆಂದು ಅಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಇವನು ಕದಿಯಲಿಲ್ಲ, ತಾನಾಗಿ ಲೆಕ್ಕ ತಪ್ಪಿಸಲೂ ಇಲ್ಲ. ಅವನ ಮರೆವಿಗೆ ಒಪ್ಪಿಗೆಯಿತ್ತನು, ಅಷ್ಟೆ. ಆದರೂ ಶಾಸ್ತ್ರಕಾರರು ಇದನ್ನು ಸತ್ಯವ್ರತದ ದೋಷಗಳಲ್ಲಿ ಎಣಿಸಿದ್ದಾರೆ. ಎದುರಿನವನ ಅಜ್ಞಾನ ನನ್ನ ಪೆಟ್ಟಿಗೆಗೆ ಲಾಭವಾಗುವಾಗ ನಾನು ಅದನ್ನು ಹಾಗೆಯೇ ಇರಗೊಟ್ಟರೆ ಎಲ್ಲಿ ನಿಲ್ಲುತ್ತೇನೆ ಎಂಬುದು ಈ ನಿದರ್ಶನದಿಂದ ತಿಳಿಯುತ್ತದೆ.

ಇಲ್ಲಿ ಒತ್ತೆ ಯಾವುದು, ಫೋನು ಕೊಂಡವನದೇ ಅಲ್ಲವೆ ಎಂದು ಕೇಳಬಹುದು. ಪೂರ್ಣವಾಗಿ ಅವನದಲ್ಲ. ಗಾಜು, ಲೋಹ, ಬ್ಯಾಟರಿ ಅವನವು. ಒಳಗಿನ ತಂತ್ರಾಂಶವನ್ನು ಬಳಸುವ ಪರವಾನಗಿಯನ್ನಷ್ಟೇ ಕೊಟ್ಟಿದೆ, ಮಾರಿಲ್ಲ ಎಂದು ಒಪ್ಪಂದಪತ್ರದಲ್ಲಿ ಬರೆದಿರುತ್ತದೆ. ನಾವು ಓದದೆಯೇ ‘ಒಪ್ಪಿಗೆ’ ಎಂಬುದನ್ನು ಒತ್ತುತ್ತೇವೆ. ನಮ್ಮ ಕಾಲದ ವ್ಯಾಪಾರದಲ್ಲಿ ತಕ್ಕಡಿಯ ತಟ್ಟೆಯಿಂದ ಗಿರಾಕಿಯ ಚೀಲಕ್ಕೆ ಧಾನ್ಯ ಸುರಿದೆವೆಂದರೆ ಅದರ ಮೇಲಿನ ನಮ್ಮ ಕೈ ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಕೆಡಿಸುವ ಶಕ್ತಿಯಾಗಲಿ ಸುಧಾರಿಸುವ ಶಕ್ತಿಯಾಗಲಿ ನಮಗಿರಲಿಲ್ಲ. ಇಂದು ಮಾರಿದವನ ಕೈ ಕೊಂಡವನ ಚೀಲದಲ್ಲಿಯೇ ಉಳಿದಿದೆ. ರಾತ್ರಿ ಅವನು ಮಲಗಿರುವಾಗ ಆ ಕೈ ಒಳಗಿನದನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಅಂತಹ ಅಧಿಕಾರವನ್ನು ನಂಬಿ ಒಪ್ಪಿಸಿದ್ದೇವಲ್ಲ, ಆ ನಂಬಿಕೆಯೇ ಇಲ್ಲಿನ ನ್ಯಾಸ. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಬೆಲೆಗಳನ್ನು ತಿಳಿಯುವುದು ಕೊಳ್ಳುವವನ ಹಕ್ಕೆಂದು ಹೇಳುತ್ತದೆ. ಕೊಂಡ ಮೇಲೆ ಸಾಮರ್ಥ್ಯ ಬದಲಾಗುವಂತಿದ್ದರೆ ಆಗಲೂ ತಿಳಿಯುವ ಹಕ್ಕಿರಬೇಡವೆ?

ಹೇಳಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2019ರ ಜನವರಿ 2ರಂದು ಆ್ಯಪಲಿನ ಅಂದಿನ ಮುಖ್ಯಸ್ಥ ಟಿಮ್ ಕುಕ್ ಅವರು ಹೂಡಿಕೆದಾರರಿಗೆ ಪತ್ರ ಬರೆದು, ಆ ತ್ರೈಮಾಸಿಕದ ಆದಾಯ ನಿರೀಕ್ಷೆಗಿಂತ ಕಡಿಮೆಯಾಗಲಿದೆಯೆಂದು ತಿಳಿಸಿದರು. ಮುಖ್ಯ ಕಾರಣ ಚೀನಾದ ಆರ್ಥಿಕ ಹಿನ್ನಡೆ. ಆದರೆ ಕೆಲವು ಗಿರಾಕಿಗಳು ಇಳಿದ ದರದಲ್ಲಿ ಬ್ಯಾಟರಿ ಬದಲಾಯಿಸಿಕೊಂಡದ್ದನ್ನೂ ಕಾರಣಗಳಲ್ಲಿ ಒಂದಾಗಿ ಎಣಿಸಿದ್ದರು. ಬಿ.ಕಾಂ. ಓದಿ ನಲವತ್ತು ವರ್ಷ ಖಾತೆ ಬರೆದವನಾದ ನಾನು ಆ ವಾಕ್ಯವನ್ನು ಎರಡು ಬಾರಿ ಓದಿದೆ. ಜನಕ್ಕೆ ವಿಷಯ ತಿಳಿದು ಅಗ್ಗದ ದಾರಿಯೂ ತೆರೆದಾಗ ಹಳೆಯ ಫೋನು ಇನ್ನೂ ನಡೆದೀತೆಂದು ಅವರೇ ಕಂಡುಕೊಂಡರು. ಹಿಂದಿನ ವರ್ಷದ ಮೌನಕ್ಕೆ ಉದ್ದೇಶ ಏನೇ ಇದ್ದಿರಲಿ, ಅದಕ್ಕೊಂದು ಬೆಲೆಯಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

2025ರ ಜನವರಿಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನಿನ ವಿಷಯದಲ್ಲಿ ಬೇರೆ ರೀತಿ ನಡೆದುಕೊಂಡಿತು. ತಾನಾಗಿ ಬರುವ ತಂತ್ರಾಂಶದಿಂದ ಕೆಲವು ಫೋನುಗಳ ಬ್ಯಾಟರಿ ಸಾಮರ್ಥ್ಯ ತಗ್ಗೀತೆಂದು ಹೇಳಿತು. ಬ್ಯಾಟರಿ ಬದಲಾವಣೆ ಅಥವಾ ಹಣದ ಪರಿಹಾರ ಮುಂತಾದ ಆಯ್ಕೆಗಳನ್ನೂ ಇಟ್ಟಿತು. ಇದು ಮೇಲು. ಆದರೂ ಬದಲಾವಣೆ ಬೇಡವೆನ್ನುವ ಆಯ್ಕೆ ಅದರಲ್ಲಿ ಇರಲಿಲ್ಲ. ತಿಳಿಸುವುದು ಒಂದು, ಕೇಳುವುದು ಇನ್ನೊಂದು.

ಇಷ್ಟೆಲ್ಲ ಬರೆಯುವ ಅಧಿಕಾರ ನನಗಿದೆಯೆ ಎಂದು ವಾಚಕರು ಕೇಳುವ ಮೊದಲೇ ಒಂದು ವಿಷಯವನ್ನು ನಿವೇದಿಸಿಕೊಳ್ಳುತ್ತೇನೆ. 1993ರಲ್ಲಿ ತುಮಕೂರಿನ ನಮ್ಮ ಅಕ್ಕಿ ಅಂಗಡಿಯಲ್ಲಿ ತಂದೆಯವರ ಜೊತೆಗೆ ನಾನೂ ಕುಳಿತುಕೊಳ್ಳುತ್ತಿದ್ದೆ. ಆ ವರ್ಷ ಹಳೆಯ ಸೋನಾಮಸೂರಿಯ ದಾಸ್ತಾನು ಮುಗಿಯುತ್ತ ಬಂದಿತ್ತು. ಖಾಯಂ ಗಿರಾಕಿಗಳಿಗೆ ಇಲ್ಲವೆನ್ನಬಾರದೆಂದು ಮೂರು ಪಾಲು ಹಳೆಯ ಅಕ್ಕಿಗೆ ಒಂದು ಪಾಲು ಹೊಸದನ್ನು ಬೆರೆಸಿದೆ. ಉದ್ದೇಶ ಒಳ್ಳೆಯದೇ ಎಂದು ಇಂದಿಗೂ ಹೇಳಬಲ್ಲೆ. ಆದರೆ ಬೆಲೆ ಹಳೆಯ ಅಕ್ಕಿಯದೇ ಇತ್ತು, ಬೆರೆಸಿದ್ದನ್ನು ಯಾರಿಗೂ ಹೇಳಲಿಲ್ಲ.

ಹತ್ತಿರದ ಬೀದಿಯಲ್ಲಿ ವಿದ್ಯಾರ್ಥಿಗಳಿಗೆ ಊಟ ಹಾಕುತ್ತಿದ್ದ ಒಬ್ಬ ತಾಯಿ ನಮ್ಮಲ್ಲಿಯೇ ಅಕ್ಕಿ ಒಯ್ಯುತ್ತಿದ್ದರು. ಒಂದು ದಿನ ಬಂದು, ‘ಅನ್ನ ಮುದ್ದೆಯಾಗ್ತಿದೆ ಕಣಪ್ಪಾ, ಯಾಕೋ ಗೊತ್ತಾಗ್ತಿಲ್ಲ’ ಎಂದರು. ‘ನೀರು ಸ್ವಲ್ಪ ಕಡಿಮೆ ಇಟ್ಟು ನೋಡಿ ಅಮ್ಮಾ’ ಎಂದೆ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು. ನನ್ನ ಸಲಹೆ ಅಕ್ಷರಶಃ ನಿಜವಾಗಿತ್ತು. ಅವರು ಮುಂದಿನ ಸಲ ಬಂದಾಗ ಕೈಯಲ್ಲಿ ಪಾತ್ರೆ ಅಂಗಡಿಯಿಂದ ತಂದ ಹೊಸ ತಪ್ಪಲೆಯಿತ್ತು. ಹಳೆಯದರ ತಳ ತೆಳುವಾಗಿರಬೇಕೆಂದು ಅವರು ತಾವೇ ನಿಶ್ಚಯಿಸಿಕೊಂಡಿದ್ದರು. ಆ ತಪ್ಪಲೆಯನ್ನು ನೋಡಿ ನನ್ನ ಬಾಯಿ ಕಟ್ಟಿಹೋಯಿತು. ಅಂದು ಅಕ್ಕಿ ಅಳೆದು ಕೊಟ್ಟು ಕಳುಹಿಸಿದೆ. ರಾತ್ರಿ ತಂದೆಯವರಿಗೆ ಹೇಳಿದಾಗ ಅವರು ಲೆಕ್ಕದ ಪುಸ್ತಕ ಮುಚ್ಚಿ, ‘ಬೆಳಿಗ್ಗೆ ಅಂಗಡಿ ತೆಗೆಯೋದಕ್ಕೆ ಮುಂಚೆ ಹೋಗಿ ಬಾ’ ಎಂದರು.

ಹೋದೆ. ಬೆರೆಸಿದ ವಿಷಯ ಹೇಳಿ, ಬೆಲೆಯ ವ್ಯತ್ಯಾಸವನ್ನೂ ತಪ್ಪಲೆಯ ಹಣವನ್ನೂ ಮುಂದಿಟ್ಟೆ. ಆ ತಾಯಿ ಒಲೆಯ ಮುಂದಿನಿಂದ ಏಳದೆ ಕೇಳಿಸಿಕೊಂಡರು. ‘ಹಾಗಾದ್ರೆ ನನ್ನ ಅಳತೆ ತಪ್ಪಿರಲಿಲ್ಲ ಅನ್ನು’ ಎಂದರು. ಅಕ್ಕಿಯ ಹಣವನ್ನು ತೆಗೆದುಕೊಂಡರು, ತಪ್ಪಲೆಯ ಹಣವನ್ನು ಹಿಂದಕ್ಕೆ ಸರಿಸಿದರು. ಆ ತಿಂಗಳಿಂದ ಅವರ ಮನೆಗೆ ಅಕ್ಕಿ ಎದುರು ಸಾಲಿನ ಅಂಗಡಿಯಿಂದ ಹೋಗತೊಡಗಿತು.